ಎಂಟು ಪಟ್ಟು ಎಲ್ಲಿ ಕಾಣುತ್ತದೆ? ಆಕ್ಲೆಂಡ್ ಬಿಟ್ಟು ಸುವಾದಲ್ಲಿ ಸಂಸಾರ ಹೂಡಿದ ಅನುಭವ

ನ್ಯೂಜಿಲೆಂಡಿನಲ್ಲಿ ತಲಾ ಆದಾಯ ವರ್ಷಕ್ಕೆ ಸುಮಾರು 48 ಸಾವಿರ ಅಮೆರಿಕನ್ ಡಾಲರ್. ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯಲ್ಲಿ ಸುಮಾರು 6 ಸಾವಿರ. ಅಂದರೆ ಎಂಟು ಪಟ್ಟು ವ್ಯತ್ಯಾಸ. 2024ರ ಶುರುವಿನಲ್ಲಿ ನನ್ನ ಗಂಡನಿಗೆ ಫಿಜಿಯ ರಾಜಧಾನಿ ಸುವಾದಲ್ಲಿ ಕೆಲಸ ಸಿಕ್ಕಿತು. ಆಗ ನಾವು ಮೊದಲು ನೋಡಿದ್ದು ಇದೇ ಅಂಕಿಯನ್ನು. ಸಂಬಳ ಆಕ್ಲೆಂಡಿನ ಅರ್ಧಕ್ಕಿಂತ ಕಡಿಮೆ. ಒಪ್ಪಿಕೊಳ್ಳುವುದಾ ಬೇಡವಾ ಅಂತ ಮನೆಯಲ್ಲಿ ವಾರಗಟ್ಟಲೆ ಮಾತಾಯಿತು. ಆಕ್ಲೆಂಡಿನ ಸ್ನೇಹಿತರು "ಎಲ್ಲರೂ ಅಲ್ಲಿಂದ ಇಲ್ಲಿಗೆ ಬರ್ತಾರೆ, ನೀವು ಇಲ್ಲಿಂದ ಅಲ್ಲಿಗೆ ಹೋಗ್ತೀರಾ?" ಅಂದರು. ತೀರ್ಥಹಳ್ಳಿಯಿಂದ ಅತ್ತೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಅಲ್ಲಿ ಅಕ್ಕಿ ಸಿಗುತ್ತಾ?"

ಅಕ್ಕಿ ಸಿಗುತ್ತದೆ. ಎಲ್ಲವೂ ಸಿಗುತ್ತದೆ. ಆದರೆ ಯಾವುದು ಯಾರಿಗೆ ಯಾವ ಬೆಲೆಗೆ ಸಿಗುತ್ತದೆ ಅನ್ನುವುದು ತಿಳಿಯಲು ಅಲ್ಲಿ ಹೋಗಿ ಸಂಸಾರ ಹೂಡಬೇಕಾಯಿತು. ಆಕ್ಲೆಂಡಿನಲ್ಲಿ ನಾನು ಒಂದು ಸಣ್ಣ ಕಂಪನಿಯ ಲೆಕ್ಕ ಬರೆಯುತ್ತಿದ್ದೆ. ಮನೆಯ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಇತ್ತು. ಹೊರಡುವ ಮೊದಲೇ ಉದ್ದದ ಪುಸ್ತಕವೊಂದನ್ನು ತಂದು ಪ್ರತಿ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಆಕ್ಲೆಂಡ್, ಬಲಕ್ಕೆ ಸುವಾ. ಬಾಡಿಗೆ, ಹಾಲು, ಕರೆಂಟು, ಶಾಲೆ, ಡಾಕ್ಟರು, ಎಲ್ಲಕ್ಕೂ ಒಂದೊಂದು ಸಾಲು.

ಆಕ್ಲೆಂಡಿನಿಂದ ಫಿಜಿಯ ವಿಮಾನ ನಿಲ್ದಾಣವಿರುವ ನಾಂದಿಗೆ ಮೂರು ಗಂಟೆ. ಅಲ್ಲಿಂದ ಸುವಾಗೆ ಕಡಲ ಪಕ್ಕದ ರಸ್ತೆಯಲ್ಲಿ ನಾಲ್ಕು ಗಂಟೆ. ದಾರಿಯುದ್ದಕ್ಕೂ ಒಂದು ಕಡೆ ರೆಸಾರ್ಟು, ಇನ್ನೊಂದು ಕಡೆ ಹಳ್ಳಿ. ಪಶ್ಚಿಮದಲ್ಲಿ ಬಿಸಿಲು, ಕಬ್ಬಿನ ಗದ್ದೆ. ಸುವಾ ಹತ್ತಿರ ಬಂದಂತೆ ಮೋಡ, ಮಳೆ, ಹಸಿರು. ಅಲ್ಲಿ ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಆ ವಾಸನೆ ಹೊಸದಾಗಿರಲಿಲ್ಲ.

ಮೊದಲ ಕೆಲಸ ಮನೆ ಹುಡುಕುವುದು. ಸಮಂಬುಲ ಬಡಾವಣೆಯಲ್ಲಿ ಒಂದು ಮನೆ ಒಪ್ಪಿಗೆಯಾಯಿತು. ಬಾಡಿಗೆ ಆಕ್ಲೆಂಡಿನ ಮೂರನೇ ಒಂದು ಭಾಗ. ಮನೆ ತೋರಿಸಲು ಬಂದ ಯಜಮಾನರು ಅಡುಗೆಮನೆ, ಮಲಗುವ ಕೋಣೆ ತೋರಿಸುವ ಮೊದಲು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ದೊಡ್ಡ ನೀರಿನ ಟ್ಯಾಂಕ್. ನಲ್ಲಿ ನೀರು ನಿಂತರೆ ಎಷ್ಟು ದಿನ ಬರುತ್ತದೆ, ಯಾವ ವಾಲ್ವ್ ತಿರುಗಿಸಬೇಕು ಅಂತ ವಿವರಿಸಿದರು. ಆಮೇಲೆ ಮೇಲೆ ಕೈ ತೋರಿಸಿ, ತಗಡಿನ ಚಾವಣಿಯನ್ನು ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ತೋರಿಸಿದರು. ಆಕ್ಲೆಂಡಿನಲ್ಲಿ ನಮಗೆ ಮನೆ ಕೊಟ್ಟವರು ತೋರಿಸಿದ್ದು ಹೀಟರ್ ಮತ್ತು ಒಂದು ಕಾಗದ. ಬಾಡಿಗೆ ಮನೆ ಬೆಚ್ಚಗಿರಬೇಕು, ಒಣಗಿರಬೇಕು ಅಂತ ಅಲ್ಲಿ 2019ರಲ್ಲಿ ನಿಯಮಗಳು ಬಂದವು. ಆ ಕಾಗದಕ್ಕೆ ಸಹಿ ಹಾಕದೆ ಕರಾರು ಇಲ್ಲ.

ಆ ನಿಯಮ ಸುಮ್ನೆ ಬಂದದ್ದಲ್ಲ. ನ್ಯೂಜಿಲೆಂಡಿನ ಹಳೆಯ ಮರದ ಮನೆಗಳು ಚಳಿಗಾಲದಲ್ಲಿ ಎಷ್ಟು ತಣ್ಣಗಿರುತ್ತವೆ ಅಂದರೆ ಬೆಳಿಗ್ಗೆ ಕಿಟಕಿ ಗಾಜಿನ ಒಳಗಡೆಯೇ ನೀರು ಹರಿಯುತ್ತಿರುತ್ತದೆ. ಗೋಡೆಗೆ ಬೂಷ್ಟು. ಮಕ್ಕಳಿಗೆ ಉಬ್ಬಸ. ಆಕ್ಲೆಂಡಿನಲ್ಲಿ ಮನೆಯೊಂದರ ಬೆಲೆ 10 ಲಕ್ಷ ನ್ಯೂಜಿಲೆಂಡ್ ಡಾಲರಿನ ಆಸುಪಾಸು. ಬಾಡಿಗೆಯೂ ಕಟ್ಟಲಾಗದ ಸಂಸಾರಗಳನ್ನು ಸರ್ಕಾರ ತಿಂಗಳುಗಟ್ಟಲೆ ಮೋಟೆಲ್ ಕೋಣೆಗಳಲ್ಲಿ ಇಟ್ಟದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ನನ್ನ ಮಗಳ ತರಗತಿಯ ಹುಡುಗಿಯೊಬ್ಬಳು ಮೋಟೆಲಿನಿಂದಲೇ ಶಾಲೆಗೆ ಬರುತ್ತಿದ್ದಳು. ಶ್ರೀಮಂತ ದೇಶ ಅಂದ ಮಾತ್ರಕ್ಕೆ ಎಲ್ಲರ ತಲೆಯ ಮೇಲೂ ಸೂರು ಭದ್ರವಾಗಿದೆ ಅಂತ ಅಲ್ಲ.

ಶನಿವಾರ ಬೆಳಿಗ್ಗೆ ಸುವಾದ ಮಾರುಕಟ್ಟೆಗೆ ಹೋಗುವುದು ನಮ್ಮ ಪದ್ಧತಿಯಾಯಿತು. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇದೆ, ಬಂದರಿಗೂ ಹತ್ತಿರ. ಕೆಳಗೆ ತರಕಾರಿ, ಹಣ್ಣು. ಮಹಡಿಯ ಮೇಲೆ ಮಸಾಲೆ ಪದಾರ್ಥ ಮತ್ತು ಅಲ್ಲಿಯವರು ನೀರಿನಲ್ಲಿ ಕದಡಿ ಕುಡಿಯುವ ಕಾವಾ ಬೇರು. ತಕ್ಕಡಿ ಅಪರೂಪ. ನಮ್ಮ ಸಂತೆಯ ಹಾಗೆ ಗುಡ್ಡೆ ಲೆಕ್ಕ. ಬದನೆಯ ಗುಡ್ಡೆ, ಟೊಮ್ಯಾಟೊ ಗುಡ್ಡೆ, ಮೆಣಸಿನಕಾಯಿ ಗುಡ್ಡೆ. ಮರಗೆಣಸು, ದಾಲೊ ಅನ್ನುವ ಕೆಸುವಿನ ಗೆಡ್ಡೆ, ತೆಂಗಿನಕಾಯಿ, ಪಪ್ಪಾಯಿ ರಾಶಿ ರಾಶಿ. ಅಲ್ಲಿಯವರು ಕೆಸುವಿನ ಎಲೆಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ ತಿನ್ನುತ್ತಾರೆ, ರೊರೊ ಅನ್ನುತ್ತಾರೆ. ಆ ಎಲೆಯ ಕಟ್ಟು ಕಂಡ ದಿನವೇ ನಾನು ಪತ್ರೊಡೆ ಮಾಡಿದೆ. ಆಕ್ಲೆಂಡಿನಲ್ಲಿ ಅದೇ ಎಲೆಗೆ ಊರಿನ ಇನ್ನೊಂದು ತುದಿಯ ದ್ವೀಪದವರ ಅಂಗಡಿ ಹುಡುಕಿಕೊಂಡು ಹೋಗಬೇಕಿತ್ತು.

ಪುಸ್ತಕದ ಬಲಗಡೆಯ ಸಾಲು ಮಾರುಕಟ್ಟೆಯಲ್ಲಿ ಇಳಿಯಿತು, ಸೂಪರ್‌ಮಾರ್ಕೆಟಿನಲ್ಲಿ ಏರಿತು. ಚೀಸು, ಸೇಬು, ಶಾಂಪೂ, ಬ್ಯಾಟರಿ, ಮಗುವಿನ ಡಯಾಪರ್, ಎಲ್ಲವೂ ಹಡಗಿನಲ್ಲಿ ಬರಬೇಕು. ಎಷ್ಟೋ ವಸ್ತುಗಳು ನ್ಯೂಜಿಲೆಂಡಿನಿಂದಲೇ ಬರುತ್ತವೆ. ಆಕ್ಲೆಂಡಿಗಿಂತ ಜಾಸ್ತಿ ಬೆಲೆ. ಹಾಲಿನ ಲೆಕ್ಕ ನನಗೆ ಇವತ್ತಿಗೂ ನೆನಪಿದೆ. ಆಗ ನ್ಯೂಜಿಲೆಂಡಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 23 ಡಾಲರ್ 15 ಸೆಂಟ್. 2 ಲೀಟರ್ ಹಾಲಿಗೆ ಸುಮಾರು 4 ಡಾಲರ್. ಹತ್ತು ನಿಮಿಷ ದುಡಿದರೆ 2 ಲೀಟರ್ ಹಾಲು. ಫಿಜಿಯಲ್ಲಿ ಆಗ ಕನಿಷ್ಠ ಕೂಲಿ ಗಂಟೆಗೆ 4 ಫಿಜಿ ಡಾಲರ್. ಅದು ನ್ಯೂಜಿಲೆಂಡಿನ 3 ಡಾಲರಿಗೂ ಸ್ವಲ್ಪ ಕಡಿಮೆ. ಪೊಟ್ಟಣದ ಹಾಲು ಲೀಟರಿಗೆ ಸುಮಾರು 3 ಫಿಜಿ ಡಾಲರ್. ಮುಕ್ಕಾಲು ಗಂಟೆ ದುಡಿದರೆ ಒಂದು ಲೀಟರ್. ಅಲ್ಲಿಯ ಕನಿಷ್ಠ ಕೂಲಿ ಆಮೇಲೆ ಏರಿತು, 2025ರ ಏಪ್ರಿಲ್‌ನಿಂದ 5 ಡಾಲರ್. ಆದರೂ ಹಾಲು ಬಡವರ ಮನೆಗೆ ಪುಡಿಯ ರೂಪದಲ್ಲೇ ಬರುತ್ತದೆ, ಅದೂ ಚಹಾಕ್ಕೆ ಮಾತ್ರ.

ಹಾಗಾದರೆ ಜನ ಹೇಗೆ ಬದುಕುತ್ತಾರೆ? ಇದಕ್ಕೆ ಉತ್ತರ ನಮ್ಮ ಫ್ರಿಜ್ಜಿನಲ್ಲಿ ಸಿಕ್ಕಿತು. ಹೋದ ಕೆಲವೇ ತಿಂಗಳಲ್ಲಿ ಅದು ಕೆಟ್ಟಿತು. ರಿಪೇರಿಯವನು ಬಂದ, ಅರ್ಧ ದಿನ ನೆಲದ ಮೇಲೆ ಕೂತು ಬಿಚ್ಚಿ ಜೋಡಿಸಿದ, ಸರಿಮಾಡಿದ. ಅವನು ತೆಗೆದುಕೊಂಡ ಕೂಲಿಗೆ ಆಕ್ಲೆಂಡಿನಲ್ಲಿ ರಿಪೇರಿಯವನು ಮನೆಯ ಬಾಗಿಲಿಗೂ ಬರುವುದಿಲ್ಲ. ಅಲ್ಲಿ ಹಳೆಯ ಫ್ರಿಜ್ ಎಸೆದು ಹೊಸದು ತರುವುದೇ ಲಾಭ. ಇಲ್ಲಿ ಫ್ರಿಜ್ ದುಬಾರಿ, ಅದನ್ನು ಬದುಕಿಸುವ ಕೈ ಅಗ್ಗ. ಕ್ಷೌರ, ಹೊಲಿಗೆ, ಮೆಕ್ಯಾನಿಕ್, ಬಸ್, ಟ್ಯಾಕ್ಸಿ, ಮನುಷ್ಯನ ಕೈಯಿಂದ ಆಗುವ ಕೆಲಸವೆಲ್ಲ ಹೀಗೆಯೇ. ಮೂವರ ಕೂದಲಿಗೆ ಕೊಟ್ಟ ದುಡ್ಡು ಆಕ್ಲೆಂಡಿನಲ್ಲಿ ಒಬ್ಬರಿಗೂ ಸಾಲುತ್ತಿರಲಿಲ್ಲ.

ಅರ್ಥಶಾಸ್ತ್ರಜ್ಞರು ಈ ಬೆಲೆಗಳ ವ್ಯತ್ಯಾಸವನ್ನೂ ಸೇರಿಸಿ ಇನ್ನೊಂದು ಲೆಕ್ಕ ಹಾಕುತ್ತಾರೆ. ಕೊಳ್ಳುವ ಶಕ್ತಿಯ ಲೆಕ್ಕ. ಅದರ ಪ್ರಕಾರ ಎರಡೂ ದೇಶಗಳ ಅಂತರ ಎಂಟು ಪಟ್ಟಿನಿಂದ ಮೂರು-ನಾಲ್ಕು ಪಟ್ಟಿಗೆ ಇಳಿಯುತ್ತದೆ. ನನ್ನ ಪುಸ್ತಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ನಮಗೆ ಅದು ಖುಷಿಯ ಸುದ್ದಿ. ಆದರೆ ಅಗ್ಗದ ಕೂಲಿ ಅಂದರೆ ಯಾರೋ ಒಬ್ಬರ ಕಡಿಮೆ ಸಂಬಳ ತಾನೆ? ಆ ರಿಪೇರಿಯವನು ತನ್ನ ಮನೆಗೆ ಫ್ರಿಜ್ ಕೊಳ್ಳಲು ಹೋದರೆ ಅವನಿಗೆ ಯಾವ ರಿಯಾಯಿತಿಯೂ ಇಲ್ಲ.

ತೆರಿಗೆಯ ವಿಷಯ ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ನ್ಯೂಜಿಲೆಂಡಿನಲ್ಲಿ ಅಕ್ಕಿ, ಬೇಳೆ, ತರಕಾರಿ ಎಲ್ಲಕ್ಕೂ 15 ಶೇಕಡಾ ಜಿಎಸ್‌ಟಿ. ಊಟಕ್ಕೂ ವಿನಾಯಿತಿ ಇಲ್ಲ. ಫಿಜಿಯಲ್ಲಿ ನಾವು ಹೋದಾಗ ವ್ಯಾಟ್ 15 ಶೇಕಡಾ ಇತ್ತು, 2025ರ ಆಗಸ್ಟ್‌ನಲ್ಲಿ ಹನ್ನೆರಡೂವರೆಗೆ ಇಳಿಸಿದರು. ಆದರೆ ಅಕ್ಕಿ, ಹಿಟ್ಟು, ಬೇಳೆ, ಎಣ್ಣೆಯಂಥ ದಿನಬಳಕೆಯ ಪದಾರ್ಥಗಳಿಗೆ ವ್ಯಾಟ್ ಸೊನ್ನೆ. ಬಡ ದೇಶ ತನ್ನ ಜನರ ತಟ್ಟೆಯನ್ನು ಬಿಟ್ಟು ತೆರಿಗೆ ಹಾಕುತ್ತದೆ. ಈ ಒಂದು ವಿಷಯದಲ್ಲಿ ನಾನು ಫಿಜಿಯ ಪಕ್ಷ.

ಶಾಲೆಯ ಬಗ್ಗೆ ನಮಗೆ ಚಿಂತೆ ಜಾಸ್ತಿ ಇತ್ತು. ಫಿಜಿಯಲ್ಲಿ ಹೆಚ್ಚಿನ ಶಾಲೆಗಳನ್ನು ನಡೆಸುವುದು ಸರ್ಕಾರ ಅಲ್ಲ. ಚರ್ಚುಗಳು, ಆರ್ಯ ಸಮಾಜ, ದಕ್ಷಿಣ ಭಾರತದಿಂದ ಬಂದವರ ಸಂಗಮ್ ಸಂಸ್ಥೆ, ಹಳ್ಳಿಯ ಸಮಿತಿಗಳು ಕಟ್ಟಿದ ಶಾಲೆಗಳು. ಸಂಗಮ್ 1926ರಲ್ಲಿ ನಾಂದಿಯಲ್ಲಿ ಹುಟ್ಟಿದ್ದು. ಸರ್ಕಾರ ಅನುದಾನ ಕೊಡುತ್ತದೆ, ಸಂಬಳ ಕೊಡುತ್ತದೆ. ಆಕ್ಲೆಂಡಿನಲ್ಲಿ ನನ್ನ ಮಗಳ ಸಹಪಾಠಿಗಳು ಬರಿಗಾಲಲ್ಲೇ ಶಾಲೆಗೆ ಬರುತ್ತಿದ್ದರು. ಅಲ್ಲಿ ಅದು ಸಹಜ, ಯಾರೂ ತಿರುಗಿ ನೋಡುವುದಿಲ್ಲ. ಸುವಾದಲ್ಲಿ ತಗಡಿನ ಮನೆಯಿಂದ ಹೊರಡುವ ಮಗುವಿಗೂ ಇಸ್ತ್ರಿ ಮಾಡಿದ ಯೂನಿಫಾರ್ಮ್, ಗಂಡುಮಕ್ಕಳಿಗೆ ಸುಲು ಅನ್ನುವ, ಲುಂಗಿಯಂತೆ ಸುತ್ತುವ ಮಡಿಕೆ ಕೆಡದ ಉಡುಪು, ಹೊಳೆಯುವ ಕಪ್ಪು ಚಪ್ಪಲಿ. ಆ ಇಸ್ತ್ರಿಯ ಹಿಂದೆ ಎಷ್ಟು ಆಸೆ ಇದೆ ಅಂತ ನೋಡಿದವರಿಗೇ ಗೊತ್ತು. ಪಾಠ ಚೆನ್ನಾಗಿತ್ತು. ಪುಸ್ತಕಗಳು ಕಡಿಮೆ, ಕಂಪ್ಯೂಟರ್ ಕಡಿಮೆ, ತರಗತಿಯಲ್ಲಿ ಮಕ್ಕಳು ಜಾಸ್ತಿ. ಮಗಳು ಬೇಗ ಹೊಂದಿಕೊಂಡಳು.

ನಮ್ಮ ಬೀದಿಯ ಹಿಂದೆ ಇಳಿಜಾರಿನಲ್ಲಿ ತಗಡಿನ ಮನೆಗಳ ಸಾಲು ಇದೆ. ಅಲ್ಲಿನ ಮೊದಲ ಮನೆಯ ಮೌಸಿಯ ಜೊತೆ ನನ್ನ ಸ್ನೇಹ ಬೆಳೆದದ್ದು ರೋಟಿಯಿಂದ. ಬೆಳಗಿನ ಜಾವ ಎದ್ದು ರೋಟಿ ಲಟ್ಟಿಸಿ, ಒಳಗೆ ಆಲೂಗಡ್ಡೆ ಪಲ್ಯವಿಟ್ಟು ಸುತ್ತಿ, ಕಾಗದದಲ್ಲಿ ಕಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಾರೆ. ಅವರ ಮುತ್ತಜ್ಜ ಗಿರ್ಮಿಟಿನಲ್ಲಿ ಬಂದವರು. 1879ರಿಂದ 1916ರವರೆಗೆ ಬ್ರಿಟಿಷರು ಐದು ವರ್ಷದ ಕರಾರು ಮಾಡಿಸಿ ಸುಮಾರು 60 ಸಾವಿರ ಭಾರತೀಯರನ್ನು ಫಿಜಿಯ ಕಬ್ಬಿನ ಗದ್ದೆಗಳಿಗೆ ಸಾಗಿಸಿದರು. ಮೌಸಿಯ ಮನೆಯವರು ಫಿಜಿಯ ಇನ್ನೊಂದು ದ್ವೀಪದ ಲಂಬಾಸದಲ್ಲಿ ಕಬ್ಬು ಬೆಳೆಯುತ್ತಿದ್ದರು. ಭೂಮಿ ಅವರದ್ದಲ್ಲ. ಫಿಜಿಯ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಭೂಮಿ ಮೂಲನಿವಾಸಿ ಕುಲಗಳದ್ದು, ಅದನ್ನು ಮಾರುವಂತಿಲ್ಲ. ಗೇಣಿಗೆ ಪಡೆದದ್ದು 30 ವರ್ಷಕ್ಕೆ. 1997ರಿಂದ ಆ ಗೇಣಿಗಳು ಮುಗಿಯತೊಡಗಿದವು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಸುವಾ ಸುತ್ತಮುತ್ತ ಬಂದು ತಗಡು ಹೊದಿಸಿಕೊಂಡವು. ಮೌಸಿಯ ಸಂಸಾರವೂ ಅದರಲ್ಲಿ ಒಂದು. ಭೂಮಿ ವಾಪಸು ಪಡೆದವರ ಮೇಲೆ ಮೌಸಿಗೆ ಸಿಟ್ಟಿಲ್ಲ. "ಅವರ ಮಣ್ಣು ಬೇಟಿ, ಅವರು ಕೇಳಿದರು" ಅನ್ನುತ್ತಾರೆ.

ಮೌಸಿಯ ಗಂಡನನ್ನು ನಾವು ಕಾಕಾ ಅನ್ನುತ್ತೇವೆ. ಬಾಡಿಗೆ ಟ್ಯಾಕ್ಸಿ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆ. ಫಿಜಿಯಲ್ಲಿ ಅದು ಮನೆಮನೆಯ ಕಾಯಿಲೆ, ಕಾಲು ಕಳೆದುಕೊಂಡವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಕಾಕಾನ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಪೆಡಲ್ ಒತ್ತುವ ಕಾಲು. ರಜಾ ಹಾಕಿದರೆ ಆ ದಿನದ ದುಡ್ಡಿಲ್ಲ, ಹಾಗಾಗಿ ಬಟ್ಟೆ ಸುತ್ತಿಕೊಂಡೇ ಓಡಿಸಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆದರೆ ಬೇಕಾದ ಔಷಧಿ ಅಲ್ಲಿ ಆ ವಾರ ಇರಲಿಲ್ಲ. ಚೀಟಿ ಬರೆದುಕೊಟ್ಟರು. ಹೊರಗಿನ ಅಂಗಡಿಯಲ್ಲಿ ಅದರ ಬೆಲೆ ಮೌಸಿಯ ಒಂದು ವಾರದ ರೋಟಿ. ಅವರು ಕೊಂಡರು, ಅರ್ಧ ಕೋರ್ಸ್ ಮಾತ್ರ. ನಾನು ಉಳಿದದ್ದನ್ನು ತಂದುಕೊಡುವ ಹೊತ್ತಿಗೆ ಹಸಿರು ಬಣ್ಣ ಪಾದಕ್ಕೆ ಏರಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆ ದಿನಗಳಲ್ಲಿ ಅವರ ಮನೆಯಲ್ಲಿ ಜನ ಕಡಿಮೆಯಾಗಲೇ ಇಲ್ಲ. ರಾಮಾಯಣ ಮಂಡಳಿಯವರು ಮಂಗಳವಾರದ ಪಾರಾಯಣವನ್ನು ಕಾಕಾನ ಹಾಸಿಗೆಯ ಪಕ್ಕದಲ್ಲೇ ಮಾಡಿದರು, ತಟ್ಟೆಯ ಕಾಣಿಕೆಯನ್ನು ಮೌಸಿಯ ಕೈಗಿಟ್ಟರು. ಪಕ್ಕದ ಫಿಜಿಯನ್ ಮನೆಯವರು ಮರಗೆಣಸು, ದಾಲೊ ಹೊತ್ತು ತಂದರು, ಮಾತಿಲ್ಲದೆ ಅಂಗಳದ ಹುಲ್ಲು ಕೊಯ್ದು ಹೋದರು. ಆಕ್ಲೆಂಡಿನಲ್ಲಿ ನಮಗೆ ಪಕ್ಕದ ಮನೆಯವರ ಪೂರ್ತಿ ಹೆಸರು ಗೊತ್ತಿರಲಿಲ್ಲ. ಈ ಮಾತನ್ನು ಭಾರತದಿಂದ ಹೋದವರು ಬಹಳ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಇದನ್ನೇ ತೋರಿಸಿ "ದುಡ್ಡಿಲ್ಲದಿದ್ದರೇನು, ಅವರು ಸುಖವಾಗಿದ್ದಾರೆ" ಅನ್ನುವವರ ಮೇಲೆ ನನಗೆ ಕೋಪ ಬರುತ್ತದೆ. ಅಷ್ಟು ಪ್ರೀತಿಯ ನಡುವೆಯೂ ಕಾಕಾನ ಕಾಲು ಉಳಿಯಲಿಲ್ಲ. ಒಂದು ಕೋರ್ಸ್ ಔಷಧಿ ಸರಿಯಾದ ಸಮಯಕ್ಕೆ ಸಿಕ್ಕಿದ್ದರೆ ಉಳಿಯುತ್ತಿತ್ತೇನೋ.

ಎಡಗಡೆಯ ಸಾಲು ನೋಡಿ. ಆಕ್ಲೆಂಡಿನಲ್ಲಿ ಒಮ್ಮೆ ಭಾನುವಾರದ ಆಟದಲ್ಲಿ ನನ್ನ ಗಂಡನ ಮೊಣಕಾಲಿನ ಲಿಗಮೆಂಟ್ ಹರಿಯಿತು. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತ ಪರಿಹಾರದ ವ್ಯವಸ್ಥೆ ಇದೆ. ತಪ್ಪು ಯಾರದು ಅಂತ ಕೇಳುವುದಿಲ್ಲ. ಆಪರೇಷನ್, ಫಿಸಿಯೋಥೆರಪಿ ಖರ್ಚಿನ ಬಹುಪಾಲು ಅವರದೇ. ಕೆಲಸಕ್ಕೆ ಹೋಗಲಾಗದಿದ್ದರೆ ಎರಡನೇ ವಾರದಿಂದ ಸಂಬಳದ 80 ಶೇಕಡಾ ಖಾತೆಗೆ ಬೀಳುತ್ತದೆ. ಕಾಯಿಲೆಗೆ ಇದು ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಭತ್ಯೆ ಇದೆ, ಅದು ಕಡಿಮೆ. ಅಲ್ಲಿಯ ಆಸ್ಪತ್ರೆಗಳಲ್ಲೂ ಕೆಲವು ಆಪರೇಷನ್‌ಗಳಿಗೆ ತಿಂಗಳುಗಟ್ಟಲೆ ಕಾಯಬೇಕು. ಆದರೂ ಗಾಯಗೊಂಡ ಕಾಲಿನಲ್ಲಿ ಟ್ಯಾಕ್ಸಿ ಓಡಿಸುವ ಪ್ರಸಂಗ ಬರುವುದಿಲ್ಲ. ಫಿಜಿಯಲ್ಲಿ 65 ದಾಟಿದವರಿಗೆ ಸಣ್ಣ ಪಿಂಚಣಿ ಇದೆ, ಕಾಕಾನಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ನೌಕರಿಯವರಿಗೆ ಭವಿಷ್ಯನಿಧಿ ಇದೆ, ಬಾಡಿಗೆ ಟ್ಯಾಕ್ಸಿಯವರು ತಾವಾಗಿ ಕಟ್ಟಿದರೆ ಉಂಟು.

ಇನ್ನು ನಮ್ಮ ಮನೆ. ಕಂಪನಿಯ ಕರಾರಿನಲ್ಲಿ ನಮಗೆ ಆರೋಗ್ಯ ವಿಮೆ ಇದೆ. ತೀರಾ ಕಷ್ಟವಾದರೆ ವಿಮಾನದಲ್ಲಿ ಆಕ್ಲೆಂಡಿಗೆ ಸಾಗಿಸುವ ವಿಮೆಯೂ ಇದೆ. ಒಂದೇ ಬೇಲಿಯ ಎರಡು ಬದಿಯಲ್ಲಿ ನಾವು ಮತ್ತು ಮೌಸಿ. ಒಂದೇ ಮಾರುಕಟ್ಟೆ, ಒಂದೇ ನೀರು, ಒಂದೇ ಮಳೆ. ಸರಾಸರಿ ಆಯುಸ್ಸು ನ್ಯೂಜಿಲೆಂಡಿನಲ್ಲಿ ಸುಮಾರು 82, ಫಿಜಿಯಲ್ಲಿ 68ರ ಆಸುಪಾಸು. ಆ ಹದಿನಾಲ್ಕು ವರ್ಷ ಎಲ್ಲಿ ಹೋಗುತ್ತದೆ ಅನ್ನುವುದು ನನಗೆ ತಿಳಿದದ್ದು ಆ ಔಷಧಿ ಚೀಟಿಯಿಂದ. ದಿನದ ಊಟದಲ್ಲಿ ಎಂಟು ಪಟ್ಟು ಕಾಣುವುದಿಲ್ಲ. ಮೌಸಿಯ ಅಡುಗೆ ನನ್ನ ಅಡುಗೆಗಿಂತ ರುಚಿ. ಏನಾದರೂ ಎಡವಟ್ಟಾದ ದಿನ ಅದು ಪೂರ್ತಿ ಕಾಣುತ್ತದೆ.

ಹೃದಯದ ಕಾಯಿಲೆ, ಕಿಡ್ನಿ ಕಸಿ ಅಂದರೆ ಫಿಜಿಯವರು ಭಾರತಕ್ಕೆ ಹೋಗುವುದು ವಾಡಿಕೆ. ನಾನು ಕರ್ನಾಟಕದವಳು ಅಂತ ಗೊತ್ತಾದರೆ ಸಾಕು, "ಬೆಂಗಳೂರಿನಲ್ಲಿ ಎಷ್ಟಾಗುತ್ತದೆ, ಎಲ್ಲಿ ಉಳಿಯಬೇಕು" ಅಂತ ಕೇಳುತ್ತಾರೆ. ಇದಕ್ಕಾಗಿ ದೇವಸ್ಥಾನಗಳಲ್ಲಿ, ಚರ್ಚುಗಳಲ್ಲಿ ಚಂದಾ ಎತ್ತುತ್ತಾರೆ. 2022ರಲ್ಲಿ ಸುವಾದಲ್ಲೇ ಮಕ್ಕಳ ಹೃದಯದ ಉಚಿತ ಆಸ್ಪತ್ರೆ ಶುರುವಾದ ಮೇಲೆ ಆ ಮಕ್ಕಳ ತಂದೆತಾಯಿಗಳಿಗಾದರೂ ಒಂದು ದಾರಿಯಾಗಿದೆ.

ಚಂಡಮಾರುತದ ಕಥೆಯೂ ಇದೇ. 2023ರ ಜನವರಿ 27ರಂದು ಆಕ್ಲೆಂಡಿನಲ್ಲಿ ಹಿಂದೆಂದೂ ಕಾಣದ ಮಳೆ ಬಿತ್ತು. ನಾಲ್ವರು ಸತ್ತರು. ನಮ್ಮ ಬೀದಿಯ ತಗ್ಗಿನ ಮನೆಗಳಿಗೆ ಎದೆಮಟ್ಟ ನೀರು. ಎರಡೇ ವಾರದಲ್ಲಿ ಗೇಬ್ರಿಯಲ್ ಚಂಡಮಾರುತ ಬಂದು ಇಡೀ ಉತ್ತರ ದ್ವೀಪದಲ್ಲಿ 11 ಜನರನ್ನು ಬಲಿ ತೆಗೆದುಕೊಂಡಿತು. ಕೆಲವು ಮನೆಗಳ ಬಾಗಿಲಿಗೆ ಕೆಂಪು ಚೀಟಿ ಅಂಟಿತು, ಒಳಗೆ ಹೋಗುವಂತಿಲ್ಲ. ಅವರ ಸಂಕಟ ಸಣ್ಣದಲ್ಲ. ವಿಮೆಯವರ ಹಿಂದೆ ಅಲೆದರು, ನಿದ್ದೆಗೆಟ್ಟರು. ಆದರೆ ಕೊನೆಗೆ, ಇನ್ನು ವಾಸಕ್ಕೆ ಯೋಗ್ಯವಲ್ಲದ ಮನೆಗಳನ್ನು ಸರ್ಕಾರ ಮತ್ತು ನಗರಸಭೆ ಸೇರಿ ಕೊಂಡುಕೊಂಡವು. ವಿಮೆ ಇದ್ದವರಿಗೆ ಪ್ರವಾಹಕ್ಕೆ ಮುಂಚಿನ ಬೆಲೆ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತು.

ಮೌಸಿಯ ತಮ್ಮ ರಾಕಿರಾಕಿ ಕಡೆಯವರು. 2016ರ ಫೆಬ್ರುವರಿ 20ರ ರಾತ್ರಿ ವಿನ್ಸ್ಟನ್ ಚಂಡಮಾರುತ ಬಡಿದಾಗ ಆ ಭಾಗಕ್ಕೇ ಹೆಚ್ಚು ಪೆಟ್ಟು ಬಿತ್ತು. ಐದನೇ ದರ್ಜೆಯ ಗಾಳಿ. ಇಡೀ ದೇಶದಲ್ಲಿ 44 ಜನ ಸತ್ತರು. ಅವರು ಮಕ್ಕಳನ್ನು ಊಟದ ಮೇಜಿನ ಕೆಳಗೆ ಕೂರಿಸಿ, ಮೇಜನ್ನು ತಾವು ಹಿಡಿದುಕೊಂಡಿದ್ದರಂತೆ. ಚಾವಣಿ ಹಾರಿಹೋಯಿತು. ಮರುದಿನ ತಗಡು ಪಕ್ಕದ ಕಬ್ಬಿನ ಗದ್ದೆಯಲ್ಲಿ, ಒಂದು ಹಾಳೆಯೂ ನೆಟ್ಟಗಿಲ್ಲ. ಆಗ ಸರ್ಕಾರ ಮನೆ ಕಟ್ಟುವ ಸಾಮಾನಿಗೆ ಕಾರ್ಡ್ ಕೊಟ್ಟಿತು, ಮನೆ ಪೂರ್ತಿ ಹೋದವರಿಗೆ 7 ಸಾವಿರ ಫಿಜಿ ಡಾಲರ್. ಸಣ್ಣ ದೇಶಕ್ಕೆ ಅದು ದೊಡ್ಡ ಪ್ರಯತ್ನವೇ. ಆದರೆ ಎಲ್ಲರೂ ಒಮ್ಮೆಗೇ ತಗಡು, ಮೊಳೆ, ಮರ ಕೇಳಿದಾಗ ಅಂಗಡಿಯಲ್ಲಿ ಸಾಮಾನು ಖಾಲಿ. ಬಡಗಿಗಳೂ ಸಿಗಲಿಲ್ಲ. ಅವರು ಒಂದು ಕೋಣೆ ಎಬ್ಬಿಸಿದರು. ನಾವು ಹೋದಾಗಲೂ ಅಡುಗೆಮನೆಗೆ ಟಾರ್ಪಾಲೇ ಇತ್ತು.

"ವಿಮೆ ಮಾಡಿಸಿರಲಿಲ್ವಾ?" ಅಂತ ಕೇಳಿದ್ದಕ್ಕೆ ಅವರು ವಿವರವಾಗಿ ಹೇಳಿದರು. ಫಿಜಿಯಲ್ಲಿ ಮನೆಗೆ ಚಂಡಮಾರುತದ ವಿಮೆ ಬೇಕೆಂದರೆ ಎಂಜಿನಿಯರ್ ಬಂದು ನೋಡಿ ಸರ್ಟಿಫಿಕೇಟ್ ಕೊಡಬೇಕು. ಅದಕ್ಕೆ ಫೀಸು. ಸರ್ಟಿಫಿಕೇಟ್ ಸಿಗಬೇಕೆಂದರೆ ಮನೆ ನಿಯಮದಂತೆ ಕಟ್ಟಿರಬೇಕು. ನಿಯಮದಂತೆ ಕಟ್ಟಲು ದುಡ್ಡು ಬೇಕು. ಗಟ್ಟಿ ಮನೆ ಇದ್ದವರಿಗೆ ವಿಮೆ ಸಿಗುತ್ತದೆ, ಹಾರಿಹೋಗುವ ಮನೆಗೆ ಸಿಗುವುದಿಲ್ಲ. ನನಗೆ ಆಕ್ಲೆಂಡಿನ ಕೆಂಪು ಚೀಟಿಯ ಮನೆಗಳು ನೆನಪಾದವು. ಮಳೆ, ಗಾಳಿ ಎರಡೂ ಕಡೆ ಒಂದೇ. ಬಿದ್ದ ಮೇಲೆ ಎತ್ತುವ ಕೈ ಬೇರೆ.

ಹಾಗಾದರೆ ಇಲ್ಲಿ ಎತ್ತುವುದು ಯಾರು? ಬಹಳಷ್ಟು ಸಲ, ಹೊರಗೆ ಹೋದ ಮಕ್ಕಳು. ಮೌಸಿಯ ಮಗಳು ಆಕ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ಆರೈಕೆ ಕೆಲಸ ಮಾಡುತ್ತಾಳೆ. ಹದಿನೈದು ದಿನಕ್ಕೊಮ್ಮೆ ಮೌಸಿಯ ಫೋನಿಗೆ ಎಂ-ಪೈಸಾದಲ್ಲಿ ದುಡ್ಡು ಬೀಳುತ್ತದೆ. ಕಾಕಾನ ಕೃತಕ ಕಾಲಿಗೂ ಅವಳದೇ ದುಡ್ಡು. ಹೊರಗಿನಿಂದ ಹೀಗೆ ಬರುವ ಹಣ 2022ರಲ್ಲಿ 100 ಕೋಟಿ ಫಿಜಿ ಡಾಲರ್ ದಾಟಿತು, ಒಂಬತ್ತು ಲಕ್ಷ ಜನರ ದೇಶದಲ್ಲಿ. ಆದರೆ ಹೋದವರಲ್ಲಿ ನರ್ಸುಗಳೂ ಇದ್ದಾರೆ, ಮೇಷ್ಟ್ರುಗಳೂ ಇದ್ದಾರೆ. ಸುವಾದ ಆಸ್ಪತ್ರೆಯ ಸರದಿಯಲ್ಲಿ ಕೂತು ಕಾಯುವಾಗ ಆ ಖಾಲಿ ಜಾಗ ಗೊತ್ತಾಗುತ್ತದೆ. ನ್ಯೂಜಿಲೆಂಡಿನ ಮುದುಕರಿಗೆ ಸಿಗುವ ಒಳ್ಳೆಯ ಆರೈಕೆಯಲ್ಲಿ ಮೌಸಿಯ ಮನೆಯ ಪಾಲೂ ಇದೆ. ಅದನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ.

ಈಗ ಕಿರಿಯ ಮಗನ ಸರದಿ. 2007ರಿಂದ ನ್ಯೂಜಿಲೆಂಡ್ ದ್ವೀಪದೇಶಗಳ ಜನರನ್ನು ಹಣ್ಣು ಕೊಯ್ಯಲು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಿದೆ. ಅವನಿಗೆ ಹಾಕ್ಸ್ ಬೇಯ ಸೇಬಿನ ತೋಟದಲ್ಲಿ ಜಾಗ ಸಿಕ್ಕಿದೆ. ಗೇಬ್ರಿಯಲ್ ಚಂಡಮಾರುತ ಕೊಚ್ಚಿಕೊಂಡು ಹೋದ ತೋಟಗಳಿರುವ ಪ್ರದೇಶವೇ ಅದು. ಕಾಗದಪತ್ರ ಹಿಡಿದುಕೊಂಡು ಒಂದು ಸಂಜೆ ನಮ್ಮ ಮನೆಗೆ ಬಂದ. "ದೀದಿ, ಕೈಗೆ ಎಷ್ಟು ಉಳಿಯುತ್ತೆ ನೋಡಿ ಹೇಳಿ" ಅಂದ. ನಾನು ಅದೇ ಪುಸ್ತಕದ ಹೊಸ ಪುಟ ತೆಗೆದೆ. ಏಳು ತಿಂಗಳು ಇರಬಹುದು. ವಿಮಾನದ ಖರ್ಚಿನಲ್ಲಿ ಅರ್ಧ ಮಾಲೀಕರದು, ಅರ್ಧ ಅವನದು. ತೆರಿಗೆ, ಅಲ್ಲಿಯ ಕೋಣೆಯ ಬಾಡಿಗೆ, ವಿಮೆ ಸಂಬಳದಲ್ಲೇ ಕಡಿತ. ಊಟ ತಾನೇ ಬೇಯಿಸಿಕೊಂಡರೆ ಇಷ್ಟು. ಮಳೆ ಬಂದು ಕೆಲಸ ಕಡಿಮೆಯಾದ ವಾರಕ್ಕೆ ಇಷ್ಟು ಕಳೆಯಿರಿ. ಚಳಿಗೆ ಜಾಕೆಟ್ ಬೇಕು, ಅದನ್ನು ನನ್ನ ಗಂಡ ಕೊಡುತ್ತಾರೆ, ಆ ಸಾಲು ಹೊಡೆದುಹಾಕಿದೆ.

ಕೆಳಗೆ ಉಳಿದ ಮೊತ್ತವನ್ನು ಫಿಜಿ ಡಾಲರಿಗೆ ತಿರುಗಿಸಿ ಬರೆದೆ. ಅವನು ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಇಡೀ ವರ್ಷ ದುಡಿಯುವುದಕ್ಕಿಂತ ಜಾಸ್ತಿ. ಹುಡುಗನ ಮುಖ ಅರಳಿತು. ಮೌಸಿ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಯಾವುದಕ್ಕೆ ಎಷ್ಟು ಅಂತ ನನ್ನ ಕೈಯಲ್ಲೇ ಬರೆಸಿದರು. ಮೊದಲು ಚಾವಣಿಗೆ ಹೊಸ ತಗಡು, ಕಬ್ಬಿಣದ ಪಟ್ಟಿ, ದಪ್ಪ ಬೋಲ್ಟು. ಎಂಜಿನಿಯರ್ ಫೀಸು. ಆಮೇಲೆ ನೀರಿನ ಟ್ಯಾಂಕ್. ಕಾಕಾನ ಔಷಧಿಗೆ ಆರು ತಿಂಗಳದ್ದು ಬೇರೆ ಇಡಬೇಕು. ಮಗ ಮೆಲ್ಲಗೆ ಮೋಟರ್‌ಬೈಕ್ ಅಂದ. "ಮುಂದಿನ ವರ್ಷದ ಸೇಬಿಗೆ" ಅಂದರು ಮೌಸಿ. ಅದನ್ನೂ ಬರೆದುಕೊಂಡೆ.